ಗಿಲಕಿ ಬಾಟಲಿಯ ಕಥೆ: ಕಿವಿಯ ಆಟಿಕೆ ಕಣ್ಣಿನ ಆಟಿಕೆ ಆದದ್ದು ಹೇಗೆ?

ಮೊಬೈಲಿನಲ್ಲಿ ‘ಸೆನ್ಸರಿ ಬಾಟಲ್’ ಎಂದು ಹುಡುಕಿದರೆ ರಾಶಿ ವಿಡಿಯೊ ಬರುತ್ತವೆ. ಖಾಲಿ ನೀರಿನ ಬಾಟಲಿಗೆ ಬಣ್ಣದ ನೀರು, ಎಣ್ಣೆ, ಮಣಿ, ಕಾಳು ಏನಾದರೊಂದು ತುಂಬಿ, ಮುಚ್ಚಳ ಬಿಗಿದು ಮಗುವಿನ ಕೈಗೆ ಕೊಡುವುದು. ಅಲ್ಲಾಡಿಸಿದರೆ ಸದ್ದು, ಮಗುಚಿದರೆ ಬಣ್ಣ. ಇಷ್ಟೇ ಅದರ ಗುಟ್ಟು. ಇದನ್ನೇ ಚಂದದ ಡಬ್ಬಿಯಲ್ಲಿಟ್ಟು ನೂರಾರು ರೂಪಾಯಿಗೆ ಮಾರುವವರೂ ಇದ್ದಾರೆ.

ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಇಂಥದ್ದೊಂದು ಆಟಿಕೆ ಬೇಕೇ ಬೇಕು ಅನ್ನಿಸುವ ಕಾಲ ಒಂದಿದೆ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವ ಲಕ್ಷಣ ಕಾಣುವುದಿಲ್ಲ. ಜುಲೈನಲ್ಲಿ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೂ ಅಂಗನವಾಡಿಗೂ ರಜೆ ಕೊಡುತ್ತಾರೆ. ಅಂಗಳಕ್ಕೆ ಇಳಿಯಲಾಗದ ಮಗು, ಒಣಗದ ಬಟ್ಟೆ, ಕೈಕೊಟ್ಟ ಕರೆಂಟು. ಅಂಥ ದಿನ ಒಂದೂವರೆ ವರ್ಷದ ಮಗುವನ್ನು ಸುಮ್ಮನಿರಿಸಲು ಹೆಚ್ಚಿನ ಮನೆಗಳಲ್ಲಿ ಈಗ ಮೊಬೈಲು ಕೊಡುತ್ತಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹೇಳುವುದು ಸುಲಭ, ಆದರೆ ಮೊಬೈಲಿನ ಬದಲು ಕೈಗೆ ಏನು ಕೊಡುವುದು? ಬಾಟಲಿ ಕೊಡಬಹುದು. ಆದರೆ ಈ ಬಾಟಲಿಗೆ ಉದ್ದದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಮಕ್ಕಳ ಕಿವಿಗೆ ಸಂಬಂಧಪಟ್ಟ ಒಂದು ಸಂಗತಿ ಅಡಗಿದೆ. ವಿಡಿಯೊಗಳಲ್ಲಿ ಅದನ್ನು ಯಾರೂ ಹೇಳುವುದು ಕಾಣೆ.

ಮುಚ್ಚಿದ ಪಾತ್ರೆಯೊಳಗೆ ಏನೋ ಹಾಕಿ ಮಗುವಿನ ಮುಂದೆ ಅಲ್ಲಾಡಿಸುವ ಬುದ್ಧಿ ಇವತ್ತಿನದಲ್ಲ. ಹರಪ್ಪ, ಮೊಹೆಂಜೊದಾರೊ ಅಗೆದಾಗ ಸುಟ್ಟ ಮಣ್ಣಿನ ಗಿಲಕಿಗಳು ಸಿಕ್ಕಿವೆ. ಉರುಟಾಗಿ, ಒಳಗೆ ಟೊಳ್ಳಾಗಿ, ಆ ಟೊಳ್ಳಿನಲ್ಲಿ ಮಣ್ಣಿನ ಗುಂಡುಗಳು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಯಾವುದೋ ತಾಯಿ ಅದನ್ನು ಅಲ್ಲಾಡಿಸಿ ಮಗುವಿನ ಅಳು ನಿಲ್ಲಿಸಿರಬೇಕು. ಕನ್ನಡದಲ್ಲಿ ಅದಕ್ಕೆ ಗಿಲಕಿ ಎನ್ನುತ್ತೇವೆ, ಗಿಲಿಕೆ ಎಂದೂ ಹೇಳುವುದುಂಟು. ಸದ್ದೇ ಹೆಸರಾದ ವಸ್ತು. ಉಳ್ಳವರ ಮನೆಯಲ್ಲಿ ಬೆಳ್ಳಿಯದು, ಚನ್ನಪಟ್ಟಣದ ಕಡೆ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ್ದು. ಏನೂ ಇಲ್ಲದವರಿಗೆ ಬೇಲಿಯ ಸಾಲಿನಲ್ಲೇ ಒಂದು ಗಿಡ ಇದೆ. ಹಳದಿ ಹೂ ಬಿಟ್ಟು, ಉಬ್ಬಿದ ಕಾಯಿ ಒಣಗಿದ ಮೇಲೆ ಒಳಗಿನ ಬೀಜ ಸಡಿಲಾಗಿ ಗಿಲಿಗಿಲಿ ಎನ್ನುತ್ತದೆ. ಊರಿಗೊಂದು ಹೆಸರು ಅದಕ್ಕೆ. ಸಸ್ಯಶಾಸ್ತ್ರದವರು ಕೊಟ್ಟ ‘ಕ್ರೊಟಲೇರಿಯಾ’ ಎಂಬ ಹೆಸರಿನ ಮೂಲವೂ ಗಿಲಕಿಯಂಥ ಸದ್ದಿನ ವಸ್ತುವೇ. ಬಿದಿರಂಡೆಗೆ ನಾಲ್ಕು ಕಾಳು ಹಾಕಿ ಬಾಯಿ ಮುಚ್ಚಿದರೆ ಅದೂ ಗಿಲಕಿಯೇ.

ಇವೆಲ್ಲದರಲ್ಲೂ ಒಂದು ಸಾಮ್ಯ ಇದೆ. ಮಣ್ಣು, ಮರ, ಬೆಳ್ಳಿ, ಬಿದಿರು ಯಾವುದೇ ಇರಲಿ, ಒಳಗೇನಿದೆ ಎಂದು ಕಾಣುವುದಿಲ್ಲ. ಕೇಳಿಸುತ್ತದೆ ಅಷ್ಟೆ. ಹಳೆಯ ಗಿಲಕಿ ಕಿವಿಯ ಆಟಿಕೆ.

ಕಣ್ಣಿನ ಸಂಭ್ರಮ ಬೇರೆ ಕಡೆ ಇತ್ತು. ತಟ್ಟೆಯ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದೊಡನೆ ಹಳದಿ ನೀರು ಕೆಂಪಗಾಗುವ ಓಕುಳಿಯನ್ನು ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಆರತಿಗೆ ಕೂತ ಮಗುವಿನ ಕಣ್ಣು ಆರತಿ ಎತ್ತುವವರ ಮುಖದ ಮೇಲಿರುವುದಿಲ್ಲ, ತಟ್ಟೆಯ ಮೇಲಿರುತ್ತದೆ. ಅಡಿಕೆ ಬೇಯಿಸುವ ಮನೆಯಲ್ಲಾದರೆ ಹಂಡೆಯ ಚೊಗರು. ಬಟ್ಟೆಗೆ ತಾಗಿದರೆ ಹೋಗದ ಆ ಕಡುಗೆಂಪಿನ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ, ಆದ್ದರಿಂದಲೇ ಅವಕ್ಕೆ ಅದರ ಮೇಲೆ ಅಷ್ಟು ಆಸೆ.

ಸದ್ದನ್ನೂ ನೋಟವನ್ನೂ ಒಂದೇ ಬಾಟಲಿಯಲ್ಲಿ ನಮ್ಮೂರುಗಳಿಗೆ ಮೊದಲು ತಂದುಕೊಟ್ಟದ್ದು ಬಹುಶಃ ಗೋಲಿ ಸೋಡಾ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬ ಎಂಜಿನಿಯರ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಸೋಡಾದ ಗಾಳಿಯ ಒತ್ತಡಕ್ಕೆ ಗೋಲಿ ಮೇಲೇರಿ ಬಾಯಿಗೆ ಒತ್ತಿ ಕೂರುತ್ತದೆ, ಒತ್ತಿದರೆ ಕೆಳಗಿಳಿದು ಕೊರಳಲ್ಲಿ ಸಿಕ್ಕಿಕೊಳ್ಳುತ್ತದೆ. ಕುಡಿದು ಮುಗಿದ ಮೇಲೆ ಒಳಗೆ ಕಾಣುವ, ಅಲ್ಲಾಡಿಸಿದರೆ ಕಟಕಟ ಎನ್ನುವ, ಆದರೆ ಏನು ಮಾಡಿದರೂ ಕೈಗೆ ಸಿಗದ ಗೋಲಿ! ಅದಕ್ಕಾಗಿ ಬಾಟಲಿ ಒಡೆದು ಬೈಸಿಕೊಂಡ ಹುಡುಗರ ಕಥೆ ಊರೂರಲ್ಲಿದೆ. ಕಷ್ಟ ಏನೆಂದರೆ ಅದು ಗಾಜು. ಪುಟ್ಟ ಮಗುವಿನ ಕೈಗೆ ಕೊಡುವಂತಿರಲಿಲ್ಲ.

ಗಿಲಕಿ ಆಟಿಕೆ ಮಾತ್ರವಲ್ಲ, ಪಾಠವೂ ಹೌದು ಎಂಬ ಮಾತು ಪುಸ್ತಕಕ್ಕೆ ಹತ್ತಿದ್ದು ಮಾತ್ರ ದೂರದ ಪ್ಯಾರಿಸ್ಸಿನಲ್ಲಿ. ಅದೂ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ. 1800ರಲ್ಲಿ ಅಲ್ಲಿನ ವೈದ್ಯನಾಗಿದ್ದ ಇಟಾರ್ ಎಂಬವನ ಹತ್ತಿರ ಕಾಡಿನಲ್ಲಿ ಸಿಕ್ಕಿದ ಒಬ್ಬ ಹುಡುಗನನ್ನು ತಂದರು. ಮಾತು ಬಾರದು, ಕರೆದರೆ ತಿರುಗುವುದಿಲ್ಲ. ಹುಡುಗ ಕಿವುಡನಲ್ಲ, ಸದ್ದಿಗೆ ಗಮನ ಕೊಡಲು ಕಲಿತಿಲ್ಲ ಎಂದು ಇಟಾರ್‌ಗೆ ಅನ್ನಿಸಿತು. ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಗಂಟೆ ಬಾರಿಸಿ, ಡೋಲು ಬಡಿದು, ಯಾವ ಸದ್ದು ಯಾವುದೆಂದು ಗುರುತಿಸಲು ಕಲಿಸಿದ. ಕಣ್ಣಿಗೆ ಬಟ್ಟೆ ಕಟ್ಟಿದ್ದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಟಾರ್‌ನ ಶಿಷ್ಯ ಸೆಗ್ಯಾನ್ ಬುದ್ಧಿ ಬೆಳವಣಿಗೆ ಹಿಂದಾದ ಮಕ್ಕಳಿಗೆ ಇದೇ ದಾರಿಯಲ್ಲಿ ಕಲಿಸಿದ. ಇಬ್ಬರ ಬರಹಗಳನ್ನೂ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ ಕೂತು ಕೈಯಲ್ಲಿ ನಕಲು ಮಾಡಿಕೊಂಡರು. 1907ರ ಜನವರಿಯಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಅವರು ತೆರೆದ ಮಕ್ಕಳ ಮನೆಯಿಂದಲೇ ಇವತ್ತಿನ ಮಾಂಟೆಸ್ಸರಿ ಶಾಲೆಗಳು ಹುಟ್ಟಿದ್ದು. ಅವರ ಸಾಮಾನುಗಳಲ್ಲಿ ‘ಸದ್ದಿನ ಡಬ್ಬಿ’ ಎಂಬುದೊಂದಿದೆ. ಮರದ ಮುಚ್ಚಿದ ಉರುಳೆಗಳು, ಒಳಗೆ ಮರಳು, ಕಾಳು, ಸಣ್ಣ ಕಲ್ಲು ಹೀಗೆ ಒಂದೊಂದರಲ್ಲಿ ಒಂದೊಂದು. ಪ್ರತಿಯೊಂದಕ್ಕೂ ಜೊತೆ ಇದೆ. ಮಗು ಅಲ್ಲಾಡಿಸಿ ಕೇಳಿ, ಒಂದೇ ಸದ್ದಿನ ಎರಡನ್ನು ಹುಡುಕಿ ಜೋಡಿಸಬೇಕು. ಡಬ್ಬಿಗಳು ನೋಡಲು ಒಂದೇ ಥರ, ಕಣ್ಣು ಸಹಾಯಕ್ಕೆ ಬರುವಂತಿಲ್ಲ. ಒಂದು ಸಲಕ್ಕೆ ಒಂದೇ ಇಂದ್ರಿಯಕ್ಕೆ ಕೆಲಸ ಎಂಬುದು ಅವರ ಲೆಕ್ಕಾಚಾರ.

ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ತರಬೇತಿ ಕೊಡಲು ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು, ಇಟಲಿಯವರಾದ್ದರಿಂದ ಬ್ರಿಟಿಷರ ಕಣ್ಣಿಗೆ ಇವರೂ ಶತ್ರುದೇಶದವರಾದರು. ಮಗ ಮಾರಿಯೋನನ್ನು ಕೆಲಕಾಲ ಬಂಧನದಲ್ಲಿಟ್ಟರು. ಕೆಲವು ತಿಂಗಳಿಗೆಂದು ಬಂದವರು 1946ರವರೆಗೆ ಇಲ್ಲೇ ಉಳಿದರು. ಆ ವರ್ಷಗಳಲ್ಲಿ ಅವರ ಹತ್ತಿರ ಕಲಿತವರು ದೇಶದ ಉದ್ದಗಲಕ್ಕೂ ಹೋದರು. ಆದರೆ ಸಾಮಾನುಗಳ ಬೆಲೆ? ಅಳತೆ ತಪ್ಪದ ಮರದ ಕೆಲಸ, ನಯಸ್ಸು, ಬಣ್ಣ. ಪೇಟೆಯ ಶಿಶುವಿಹಾರಕ್ಕೆ ಸರಿ, ಹಳ್ಳಿಗೆ ಎಟುಕುವ ಮಾತಲ್ಲ.

ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ಮಾಂಟೆಸ್ಸರಿಯದಲ್ಲ, ತಾರಾಬಾಯಿ ಮೋಡಕ್ ಅವರದು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ನಡೆಸುತ್ತಿದ್ದ ಬಾಲಮಂದಿರದಲ್ಲಿ ದುಡಿದವರು ಅವರು. ಪೇಟೆಯ ಉಳ್ಳವರ ಮಕ್ಕಳಿಗೆ ಕಲಿಸಿದ್ದು ಸಾಕೆನಿಸಿ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಗೆ ಹೋದರು. ಜೊತೆಗೆ ಶಿಷ್ಯೆ ಅನುತಾಯಿ ವಾಘ್. ಮರದ ಉರುಳೆ, ಬಣ್ಣದ ಗುಳಿಗೆಗಳ ಜಾಗಕ್ಕೆ ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಹೂ ಬಂದವು. ತೂಕ, ಬಣ್ಣ, ನುಣುಪು, ಸದ್ದು ಎಲ್ಲ ಪಾಠವೂ ಅದರಲ್ಲೇ. ಬಡವರ ಮಕ್ಕಳು ಬಾಲವಾಡಿಗೆ ಬರದಿದ್ದಾಗ ಬಾಲವಾಡಿಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಮರಾಠಿಯಲ್ಲೂ ಅಂಗಳಕ್ಕೆ ‘ಅಂಗಣ’ವೇ, ಹಾಗಾಗಿ ಅಂಗನವಾಡಿ. 1957ರಲ್ಲಿ ಕೋಸಬಾಡ್ ಗುಡ್ಡಕ್ಕೆ ಹೋದ ಮೇಲೆ ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು.

ಕನ್ನಡದ ಕಡೆಯೂ ಮಕ್ಕಳ ಬಗ್ಗೆ ಯೋಚಿಸಿದವರು ಇಲ್ಲದಿರಲಿಲ್ಲ. ಘಟ್ಟದ ಕೆಳಗೆ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಜೊತೆ ಆಟ, ಕುಣಿತ, ನಾಟಕದ ಪ್ರಯೋಗ ಮಾಡಿದರು. ಆದರೆ ಹಳ್ಳಿಹಳ್ಳಿಗೆ ತಲುಪುವ ವ್ಯವಸ್ಥೆ ಬಂದದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ತಾರಾಬಾಯಿಯವರ ಅಂಗಳದ ಶಾಲೆಯ ಹೆಸರು ಸರ್ಕಾರದ ಹೆಸರಾಯಿತು. ಅವರು ಅದನ್ನು ನೋಡಲಿಲ್ಲ, 1973ರಲ್ಲಿ ತೀರಿಕೊಂಡಿದ್ದರು.

ಈಗ ಬಾಟಲಿಯ ಸರದಿ. ಇಲ್ಲಿಯವರೆಗಿನ ಗಿಲಕಿ ಒಡೆಯದಂತಿದ್ದರೆ ಒಳಗೆ ಕಾಣುತ್ತಿರಲಿಲ್ಲ, ಒಳಗೆ ಕಂಡರೆ ಒಡೆಯುತ್ತಿತ್ತು. ಅಮೆರಿಕದ ಡುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈಯತ್ 1973ರಲ್ಲಿ ಪೇಟೆಂಟ್ ಪಡೆದ ಪೆಟ್ ಬಾಟಲಿ ಈ ತೊಡಕು ಬಿಡಿಸಿತು. ಗಾಜಿನಷ್ಟು ತಿಳಿ, ಬಿದ್ದರೆ ಒಡೆಯದು, ತೂಕವಿಲ್ಲ. 1990ರ ದಶಕದಿಂದೀಚೆಗೆ ತಂಪು ಪಾನೀಯ, ನೀರಿನ ಬಾಟಲಿಯಾಗಿ ಅದು ನಮ್ಮ ಘಟ್ಟಗಳನ್ನೂ ಹತ್ತಿತು. ಪ್ರವಾಸಿಗರು ಬರುವ ಕಡೆಯೆಲ್ಲ, ತುಂಗೆಯ ದಂಡೆಯಲ್ಲೂ ಅದು ಬಿದ್ದಿರುವುದನ್ನು ನಾವು ದಿನಾ ನೋಡುತ್ತೇವೆ. ಕಸವಾಗಿ ಬಂದದ್ದು ಆಟಿಕೆಯಾಯಿತು.

ಹೊರದೇಶಗಳಲ್ಲಿ ಅದಕ್ಕೆ ಮತ್ತೊಂದು ಕೆಲಸವೂ ಅಂಟಿತು. 1970ರ ದಶಕದಲ್ಲಿ ನೆದರ್ಲೆಂಡ್ಸಿನಲ್ಲಿ ಯಾನ್ ಹುಲ್ಸೆಖೆ ಮತ್ತು ಆಡ್ ಫೆರ್ಹ್ಯೂಲ್ ಎಂಬಿಬ್ಬರು, ಬುದ್ಧಿ ಬೆಳವಣಿಗೆ ಹಿಂದಾದವರಿಗಾಗಿ ಮಂದ ಬೆಳಕು, ಗುಳ್ಳೆ ಏಳುವ ನೀರಿನ ಕೊಳವೆ, ಮೆತ್ತನೆ ಹಾಸು ಇರುವ ಕೋಣೆಗಳನ್ನು ಬೆಳೆಸಿದರು. ಗದ್ದಲಕ್ಕೆ ಬೆದರುವ, ಸಿಡಿಮಿಡಿಗೊಳ್ಳುವ ಮಕ್ಕಳು ಅಲ್ಲಿ ನಿಧಾನಕ್ಕೆ ಶಾಂತವಾಗುತ್ತಿದ್ದರು. ಅಂಥ ಕೋಣೆ ಕಟ್ಟಿಸಲು ಬಹಳ ದುಡ್ಡು ಬೇಕು. ಎಣ್ಣೆ, ಬಣ್ಣದ ನೀರು, ಮಿಂಚು ತುಂಬಿದ ಬಾಟಲಿ ಬಡವರ ಗುಳ್ಳೆ ಕೊಳವೆಯಂತೆ ಆಯಿತು. ಅದು ಸಮಾಧಾನ ಕೊಡುತ್ತದೆ ಎನ್ನುವುದು ಸರಿ. ಆಟಿಸಂ ಇರುವ ಮಗುವಿಗೆ ಬಾಟಲಿಯೇ ಚಿಕಿತ್ಸೆ ಎಂದು ಮಾರುವವರ ಮಾತು ಬೇರೆ, ಅದನ್ನು ನಂಬಬೇಡಿ.

ನಮ್ಮ ಅಂಗನವಾಡಿಗಳಿಗೆ ಇಂಥ ಆಟಿಕೆ ಹೊಸತೇನಲ್ಲ. ಮನೆಯಲ್ಲಿ ಸಿಗುವ ಸಾಮಾನಿನಲ್ಲೇ ಆಟಿಕೆ ಮಾಡಿ ಎಂದು ಟೀಚರುಗಳಿಗೆ ತರಬೇತಿಯಲ್ಲಿ ಹೇಳುತ್ತಲೇ ಬಂದಿದ್ದಾರೆ. ಮೂರು ವರ್ಷದೊಳಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ ತಂದ ‘ನವಚೇತನ’ ಚೌಕಟ್ಟೂ ಅದೇ ದಾರಿಯದು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳೂ ಬಂದಿವೆ. ಕಾಫಿ ತೋಟಗಳ ಲೈನ್ ಮನೆಗಳ ಮಟ್ಟಿಗೆ ಹೇಳುವುದಾದರೆ, ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿದ್ದರೆ ಶಿಶುಪಾಲನಾ ಕೋಣೆ ಇರಲೇಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಎಷ್ಟು ತೋಟಗಳಲ್ಲಿ ಆಟಿಕೆ ಇತ್ತು ಎಂಬುದನ್ನು ಅಲ್ಲಿ ಬೆಳೆದವರನ್ನೇ ಕೇಳಬೇಕು.

ಮಾಡುವುದಾದರೆ ನಮ್ಮ ಹವೆಗೆ ತಕ್ಕಂತೆ ಮಾಡಬೇಕು. ವಿಡಿಯೊದವರು ಅಕ್ಕಿ ತುಂಬಿ ಮುಚ್ಚಳ ಹಾಕುತ್ತಾರೆ. ಮಲೆನಾಡಿನ ಆಷಾಢದಲ್ಲಿ ಹಾಗೆ ಮಾಡಿದರೆ ವಾರದಲ್ಲಿ ಬೂಷ್ಟು. ಬಾಟಲಿಯನ್ನು ಒಲೆಯ ಹತ್ತಿರದ ಬೆಚ್ಚನೆ ಜಾಗದಲ್ಲಿ ಎರಡು ದಿನ ಬಾಯಿ ತೆರೆದು ಒಣಗಿಸಿ, ಅಕ್ಕಿ, ರಾಗಿ, ಕಾಫಿ ಬೀಜ, ಕಾಳುಮೆಣಸನ್ನು ಬಿಸಿಯಾಗುವಷ್ಟು ಹುರಿದು, ಆರಿಸಿ ತುಂಬಬೇಕು. ಕಾಲು ಬಾಟಲಿ ಸಾಕು, ತುಂಬಾ ತುಂಬಿದರೆ ಸದ್ದೇ ಬರುವುದಿಲ್ಲ. ಎಣ್ಣೆಯದಾದರೆ ಅರ್ಧ ಬಣ್ಣದ ನೀರು, ಅರ್ಧ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಿದರೆ ಚಳಿಗಾಲದ ಬೆಳಗ್ಗೆ ಗಟ್ಟಿಯಾಗಿ ಬೆಳ್ಳಗೆ ಕೂರುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ. ದೊಡ್ಡ ಮಕ್ಕಳಿಗೆ ಅದೂ ಒಂದು ತಮಾಷೆ. ಬೇಡವೆಂದರೆ ಸೂರ್ಯಕಾಂತಿ ಎಣ್ಣೆ ಹಾಕಿ. ಮುಚ್ಚಳವನ್ನು ಗಟ್ಟಿ ಅಂಟು ಹಾಕಿಯೇ ಮುಚ್ಚಬೇಕು. ಕಾಳು, ಮಣಿ ಮಗುವಿನ ಬಾಯಿಗೆ, ಮೂಗಿಗೆ ಹೋದರೆ ಜೀವಕ್ಕೇ ಅಪಾಯ. ಬಿರುಕು ಬಿಟ್ಟ ಬಾಟಲಿಯನ್ನು ಆ ದಿನವೇ ಎಸೆಯಿರಿ. ಗುಲಗಂಜಿ ಮಾತ್ರ ಖಂಡಿತ ಬೇಡ. ಕೆಂಪು-ಕಪ್ಪು ಎಷ್ಟು ಚಂದವಾದರೂ ಅದು ವಿಷ, ಜಗಿದರೆ ಒಂದೆರಡು ಬೀಜವೂ ಮಗುವಿಗೆ ಮುಳುವಾಗಬಹುದು. ನೀರಲ್ಲಿ ಉಬ್ಬುವ ಜೆಲ್ಲಿ ಮಣಿಗಳೂ ಬೇಡ, ನುಂಗಿದರೆ ಹೊಟ್ಟೆಯೊಳಗೇ ಉಬ್ಬುತ್ತವೆ.

ಇನ್ನು ಮೊದಲೇ ಹೇಳಿದ ಕಿವಿಯ ವಿಷಯ.

ಗಿಲಕಿ ಕಿವಿಯ ಆಟಿಕೆಯಾಗಿದ್ದಾಗ ಅದು ತಾನಾಗಿಯೇ ಒಂದು ಪರೀಕ್ಷೆಯೂ ಆಗಿತ್ತು. ತೊಟ್ಟಿಲ ಹಿಂದೆ ನಿಂತು ಅಜ್ಜಿ ಅಲ್ಲಾಡಿಸಿದರೆ ಮಗು ಕತ್ತು ತಿರುಗಿಸಬೇಕು. ತಿರುಗಿಸದಿದ್ದರೆ ಅಜ್ಜಿಗೆ ಅನುಮಾನ. ಇದನ್ನೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಐರೀನ್ ಮತ್ತು ಅಲೆಕ್ಸಾಂಡರ್ ಯೂಯಿಂಗ್ ದಂಪತಿ 1944ರಲ್ಲಿ ಕ್ರಮಬದ್ಧ ಪರೀಕ್ಷೆಯಾಗಿ ಬರೆದರು. ಒಬ್ಬರು ಮುಂದೆ ಕೂತು ಮಗುವಿನ ಗಮನ ಹಿಡಿಯುವುದು, ಇನ್ನೊಬ್ಬರು ಕಣ್ಣಿಗೆ ಬೀಳದಂತೆ ಹಿಂದೆ ಪಕ್ಕಕ್ಕೆ ನಿಂತು ಗಿಲಕಿ ಆಡಿಸುವುದು, ಲೋಟಕ್ಕೆ ಚಮಚ ತಾಗಿಸುವುದು, ತೆಳು ಕಾಗದ ಮುದುಡುವುದು. ಯಂತ್ರಗಳು ಬರುವ ಮೊದಲು ದಶಕಗಟ್ಟಲೆ ಮಕ್ಕಳ ಕಿವಿ ನೋಡಿದ್ದು ಹೀಗೆಯೇ. ಇಟಾರ್ ಕಣ್ಣಿಗೆ ಬಟ್ಟೆ ಕಟ್ಟಿದ್ದಕ್ಕೂ ಇವರು ಹಿಂದೆ ನಿಂತದ್ದಕ್ಕೂ ಕಾರಣ ಒಂದೇ: ಕಣ್ಣು ಕಿವಿಯ ಪರವಾಗಿ ಸುಳ್ಳು ಸಾಕ್ಷಿ ಹೇಳಿಬಿಡುತ್ತದೆ.

ತಿಳಿ ಬಾಟಲಿಯಲ್ಲಿ ಆಗುವುದು ಅದೇ. ಮಗುವಿನ ಮುಂದೆ ಹಿಡಿದು ಅಲ್ಲಾಡಿಸುತ್ತೇವೆ, ಮಗು ನೋಡಿ ನಗುತ್ತದೆ, ಕೈ ಚಾಚುತ್ತದೆ. ಕೇಳಿಸಿತು ಎಂದುಕೊಳ್ಳುತ್ತೇವೆ. ಅದು ನಕ್ಕಿದ್ದು ಬಣ್ಣ ಕಂಡು. ಹುಟ್ಟಿನಿಂದ ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಬೇರೆ ಮಕ್ಕಳಂತೆಯೇ ಅಳುತ್ತದೆ, ನಗುತ್ತದೆ, ಸದ್ದು ಮಾಡುತ್ತದೆ. ಹಾಗಾಗಿ ಮನೆಯವರಿಗೆ ಗೊತ್ತಾಗುವುದು ತಡ. ಎರಡು ವರ್ಷವಾದರೂ ಮಾತು ಬರಲಿಲ್ಲ ಎಂದಾಗ ‘ಅವನ ಅಪ್ಪನಿಗೂ ತಡವಾಗಿಯೇ ಬಂದದ್ದು, ಬರ್ತದೆ ಬಿಡಿ’ ಎಂಬ ಸಮಾಧಾನ. ಮಾತು ಬೇರೂರುವುದು ಮೊದಲ ಮೂರು ವರ್ಷಗಳಲ್ಲಿ. ಅಲ್ಲಿ ಕಳೆದ ಒಂದೊಂದು ವರ್ಷವೂ ಆಮೇಲೆ ಸಿಗುವುದು ಬಹಳ ಕಷ್ಟ.

ಹಾಗಾಗಿ ಬಾಟಲಿ ಮಾಡುವವರು ಒಂದೆರಡಕ್ಕೆ ಹೊರಗಿನಿಂದ ಕಾಗದ ಸುತ್ತಿಡಿ. ಆರು ತಿಂಗಳು ದಾಟಿದ ಮಗುವನ್ನು ಒಬ್ಬರು ಮಡಿಲಲ್ಲಿ ಕೂರಿಸಿಕೊಳ್ಳಲಿ. ಇನ್ನೊಬ್ಬರು ಹಿಂದಿನಿಂದ, ಒಂದು ಕಿವಿಯ ಪಕ್ಕಕ್ಕೆ ಎರಡು ಮೂರು ಅಡಿ ದೂರದಲ್ಲಿ, ನೆರಳು ಬೀಳದಂತೆ, ಗಾಳಿ ತಾಗದಂತೆ ಮೆಲ್ಲಗೆ ಅಲ್ಲಾಡಿಸಲಿ. ಆಮೇಲೆ ಇನ್ನೊಂದು ಕಿವಿಗೆ. ತಿರುಗಿದರೆ ಕಿವಿ ಪೂರ್ತಿ ಸರಿ ಎಂದು ತಿಳಿಯಬೇಡಿ, ಸ್ವಲ್ಪ ಕಡಿಮೆ ಕೇಳುವುದು ಇದರಲ್ಲಿ ಗೊತ್ತಾಗುವುದಿಲ್ಲ. ಬೇರೆ ಬೇರೆ ದಿನ ನೋಡಿದರೂ ತಿರುಗದಿದ್ದರೆ ಮಾತ್ರ ಕಾಯಬೇಡಿ. ಅನುಮಾನ ಇದ್ದರೆ ಮಗು ತಿರುಗಿದರೂ ತೋರಿಸಿ.

ತೋರಿಸುವ ಜಾಗ ಇದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಯಾವಾಗ ಬರುತ್ತಾರೆಂದು ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ. ಎನ್.ಆರ್.ಪುರ, ಕೊಪ್ಪದವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಇದೆ. ದೊಡ್ಡ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಹುಟ್ಟಿನಿಂದ ಕೇಳದ ಮಕ್ಕಳಿಗೆ ಕೇಂದ್ರ ಸರ್ಕಾರದ ನೆರವಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸುವುದಿದ್ದರೆ ಐದು ವರ್ಷದೊಳಗೇ ಆಗಬೇಕು, ಮೊದಲ ಎರಡು ಮೂರು ವರ್ಷದಲ್ಲಾದರೆ ಇನ್ನೂ ಒಳ್ಳೆಯದು. ಹೋಗುವಾಗ ತಾಯಿ ಕಾರ್ಡು ಮರೆಯಬೇಡಿ. ಹೆರಿಗೆ ಅವಧಿಗೆ ಮೊದಲೇ ಆಯಿತೇ, ಹುಟ್ಟಿದಾಗ ತೂಕ ಎಷ್ಟು, ಕಾಮಾಲೆ ಇತ್ತೇ ಎಂಬುದನ್ನೆಲ್ಲ ವೈದ್ಯರು ಮೊದಲು ಕೇಳುತ್ತಾರೆ.